ದ್ರಾಕ್ಷಿ ರಸ ಎಷ್ಟು ದಿನ ತಡೆಯುತ್ತದೆ?

ಪ್ರಶ್ನೆ: ಮನೆಯಲ್ಲೇ ಹಿಂಡಿದ ದ್ರಾಕ್ಷಿ ಜ್ಯೂಸ್ ಎಷ್ಟು ದಿನ ಇಡಬಹುದು? ಕೆಟ್ಟಿದ್ದು ಹೇಗೆ ಗೊತ್ತಾಗುತ್ತದೆ? (ಯಲಹಂಕದ ಓದುಗರು)

ಉತ್ತರ: ನಿಮ್ಮ ಪಕ್ಕದ ದೇವನಹಳ್ಳಿ, ದೊಡ್ಡಬಳ್ಳಾಪುರದ ತೋಟಗಳ ಬೆಂಗಳೂರು ಬ್ಲೂ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ತಳಿ. ವೈನಿಗೂ ಬಳಸುವ ಈ ಹಣ್ಣಿನ ಸಿಪ್ಪೆಯ ಮೇಲೆ ಯೀಸ್ಟ್ ಸಹಜವಾಗಿಯೇ ಇರುತ್ತದೆ. ತೊಳೆದರೂ ಪೂರ್ತಿ ಹೋಗದು. ಹಿಂಡಿದ ಕೂಡಲೇ ಅದಕ್ಕೆ ಸಕ್ಕರೆ ಸಿಗುತ್ತದೆ, ಹೊರಗಿಟ್ಟರೆ ಹುದುಗಲು ಶುರು. ಕುದಿಸದ ರಸವನ್ನು ಫ್ರಿಜ್‌ನಲ್ಲಿ, 4 ಡಿಗ್ರಿಯೊಳಗೆ, 2 ದಿನಕ್ಕಿಂತ ಹೆಚ್ಚು ಇಡಬೇಡಿ. ತಳದಲ್ಲಿ ಗಸಿ ಕೂತರೆ ಹೆದರಬೇಕಿಲ್ಲ, ಅಲ್ಲಾಡಿಸಿ ಕುಡಿಯಿರಿ. ಆದರೆ ಮುಚ್ಚಳ ಟಪ್ಪೆಂದು ತೆರೆದರೆ, ಗುಳ್ಳೆ ಎದ್ದರೆ, ಹೆಂಡದ ವಾಸನೆ ಬಂದರೆ ರುಚಿಯನ್ನೂ ನೋಡದೆ ಚೆಲ್ಲಿ. ರೋಗ ತರುವ ಕೆಲವು ಬ್ಯಾಕ್ಟೀರಿಯಾಗಳು ವಾಸನೆಯ ಸುಳಿವನ್ನೇ ಕೊಡುವುದಿಲ್ಲ. ಪುಟ್ಟ ಮಕ್ಕಳಿಗೆ, ಗರ್ಭಿಣಿಯರಿಗೆ ಕುಡಿಯುವ ಹೊತ್ತಿಗೇ ಹಿಂಡಿ ಕೊಡಿ.