ನಡುವಯಸ್ಸಿನಲ್ಲಿ ಹೊರದೇಶದ ಹಂಬಲ: ತೋಟ ಮಾರುವ ಮುನ್ನ

ನಮ್ಮ ಬೆಳೆಗಾರ ಬಾಂಧವರಲ್ಲಿ ಇಂದು ನಲವತ್ತೈದು, ಐವತ್ತರ ಆಸುಪಾಸಿನಲ್ಲಿರುವವರನ್ನು ಕೇಳಿದರೆ, ಕಾಲೇಜು ಮುಗಿಸಿದ ದಿನಗಳಲ್ಲಿ ಹೊರದೇಶಕ್ಕೆ ಹೋಗಬೇಕೆಂದು ಆಸೆಪಟ್ಟವರು ಬಹಳ ಮಂದಿ ಸಿಗುತ್ತಾರೆ. ಜೊತೆಯಲ್ಲಿ ಓದಿದವರು 2000ನೇ ಇಸವಿಯ ಹೊತ್ತಿಗೆ ಕಂಪ್ಯೂಟರ್ ಕೆಲಸ ಹಿಡಿದು ಅಮೆರಿಕದ ದಾರಿ ಹಿಡಿದರು. ಮನೆಗೆ ಹಿರಿಯ ಮಗನಾದವನು ಪಾಸ್‌ಪೋರ್ಟನ್ನು ಪೆಟ್ಟಿಗೆಯಲ್ಲಿಟ್ಟು ತೋಟಕ್ಕೆ ಇಳಿದ. 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದಾಗ ಗಗನಕ್ಕೇರಿದ್ದ ಕಾಫಿ ಧಾರಣೆ 2001ರ ಹೊತ್ತಿಗೆ ನೆಲ ಕಚ್ಚಿತು. ಧಾರಣೆ ಏರಿದ್ದಾಗ ಮಾಡಿದ ಸಾಲವನ್ನು ಅದು ಇಳಿದಾಗ ತೀರಿಸಬೇಕಾಯಿತು. ಹೊರದೇಶದ ಮಾತು ಅಲ್ಲಿಗೇ ನಿಂತಿತು.

ಈಗ ಆ ಮಾತು ಮತ್ತೆ ಎದ್ದಿದೆ. ಮಕ್ಕಳು ಓದಿಗೋ ಕೆಲಸಕ್ಕೋ ಹೊರಗೆ ಹೋಗಿದ್ದಾರೆ. ಆಳುಗಳ ಅಭಾವ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಅಡಿಕೆಗೆ ಕೊಳೆರೋಗದ ಜೊತೆ ಎಲೆಚುಕ್ಕಿ ರೋಗವೂ ಗಂಟುಬಿದ್ದಿದೆ. ಇನ್ನೊಂದು ಕಡೆ, 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಧಾರಣೆ ಪೌಂಡಿಗೆ 4 ಡಾಲರನ್ನೂ ದಾಟಿತು. ಧಾರಣೆ ಏರಿದಾಗ ತೋಟ ಕೇಳಿಕೊಂಡು ಬರುವವರೂ ಹೆಚ್ಚುತ್ತಾರೆ. “ಒಳ್ಳೆಯ ಬೆಲೆ ಇರುವಾಗಲೇ ಮಾರಿ ಹೊರಟುಬಿಟ್ಟರೆ ಹೇಗೆ?” ಎಂಬ ಯೋಚನೆ ಬರುವುದು ಸಹಜ.

ಈ ಆಸೆಯನ್ನು ಯಾರೂ ಹಗುರವಾಗಿ ಕಾಣಬೇಕಾಗಿಲ್ಲ. ದೇಶ ಸುತ್ತು, ಕೋಶ ಓದು ಎಂದವರು ಅದಕ್ಕೆ ವಯಸ್ಸಿನ ಮಿತಿ ಹಾಕಿಲ್ಲ. ಆದರೆ ಇಪ್ಪತ್ತೈದರ ಹುಡುಗ ಹೊರಟಾಗ ಬಿಟ್ಟು ಹೋಗುವುದು ಒಂದು ಮಂಚ, ನಾಲ್ಕು ಪುಸ್ತಕ. ಐವತ್ತರವನು ಬಿಟ್ಟು ಹೋಗುವುದು ತೋಟವನ್ನು. ಹೋಗುವುದೋ ಬೇಡವೋ ಎಂಬ ಪ್ರಶ್ನೆ ಒಂದು, ತೋಟ ಮಾರುವುದೋ ಬೇಡವೋ ಎಂಬ ಪ್ರಶ್ನೆ ಇನ್ನೊಂದು. ಇವೆರಡನ್ನೂ ಒಂದೇ ಎಂದು ತಿಳಿಯಬಾರದು ಎಂಬುದೇ ಈ ಲೇಖನದ ಮುಖ್ಯ ಮಾತು.

ವಯಸ್ಸಿನ ಲೆಕ್ಕ

ಸ್ವಂತ ವಿದ್ಯೆ, ಅನುಭವಗಳ ಬಲದಿಂದ ನೆಲೆಸಲು ಹೋಗುವವರಿಗೆ ಹಲವು ದೇಶಗಳು ಅಂಕ ಹಾಕುತ್ತವೆ. ಕೆನಡಾ ದೇಶದ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿ 2015ರಲ್ಲಿ ಆರಂಭವಾಯಿತು. ಅದರಲ್ಲಿ ಒಂಟಿಯಾಗಿ ಅರ್ಜಿ ಹಾಕುವವರಿಗೆ 20ರಿಂದ 29ರ ವಯಸ್ಸಿಗೆ 110 ಅಂಕ, 40ಕ್ಕೆ 50 ಅಂಕ, 44ಕ್ಕೆ ಬರೀ 6 ಅಂಕ ಎಂದು ನಿಗದಿಯಾಯಿತು. 45 ತುಂಬಿದರೆ ವಯಸ್ಸಿನ ಅಂಕ ಸೊನ್ನೆ. ಅರ್ಜಿ ಹಾಕಬಾರದೆಂದಿಲ್ಲ, ಆದರೆ ಕಿರಿಯರ ಜೊತೆ ಪೈಪೋಟಿ ಕಷ್ಟ. ಆಸ್ಟ್ರೇಲಿಯಾದಲ್ಲಿ ಅಂಕಗಳ ಮೇಲೆ ಕೊಡುವ ವೀಸಾಕ್ಕೆ 45ರೊಳಗಿನವರಿಗಷ್ಟೇ ಅವಕಾಶ. ನ್ಯೂಜಿಲೆಂಡ್ ಮಾತ್ರ ನಿಪುಣ ಕೆಲಸಗಾರರಿಗೆ 55ರವರೆಗೆ ಅವಕಾಶ ಇಟ್ಟಿದೆ.

ಕೃಷಿ ಅನುಭವ ಉಪಯೋಗಕ್ಕೆ ಬಾರದೇ ಎಂದು ಕೇಳಬಹುದು. ಕೆನಡಾದಲ್ಲಿ ಜಮೀನು ಕೊಂಡು ಬೇಸಾಯ ನಡೆಸುವ ಅನುಭವಸ್ಥರಿಗೆ ಸ್ವಯಂ ಉದ್ಯೋಗದ ಹೆಸರಿನಲ್ಲಿ ಒಂದು ದಾರಿ ಇತ್ತು. ಅದನ್ನು 2018ರ ಮಾರ್ಚ್‌ನಲ್ಲಿ ಮುಚ್ಚಲಾಯಿತು. ಇಂದಿಗೂ ಆ ದಾರಿಯನ್ನು ತೋರಿಸಿ ಮುಂಗಡ ಕೇಳುವ ದಲ್ಲಾಳಿ ಎದುರಾದರೆ ಎಚ್ಚರ ವಹಿಸಬೇಕು.

ಮಕ್ಕಳ ಮೂಲಕ

ನಡುವಯಸ್ಸು ದಾಟಿದವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಮಕ್ಕಳ ದಾರಿ. ಅಮೆರಿಕದಲ್ಲಿ ಮಗ ಅಥವಾ ಮಗಳು ಅಲ್ಲಿನ ಪ್ರಜೆಯಾಗಿ 21 ವರ್ಷ ತುಂಬಿದ್ದರೆ ತಂದೆ ತಾಯಿಗಾಗಿ ಅರ್ಜಿ ಹಾಕಬಹುದು. ಈ ವರ್ಗಕ್ಕೆ ವರ್ಷಕ್ಕಿಷ್ಟೇ ಮಂದಿ ಎಂಬ ಮಿತಿ ಇಲ್ಲ. ಅಣ್ಣ ತಮ್ಮಂದಿರು, ಅಕ್ಕ ತಂಗಿಯರ ಮೂಲಕವೂ ದಾರಿಯುಂಟು, ಆದರೆ ನಮ್ಮ ದೇಶದವರಿಗೆ ಅದು ದಶಕಕ್ಕೂ ಮೀರಿದ ಕಾಯುವಿಕೆ. ಗ್ರೀನ್ ಕಾರ್ಡ್ ಸಿಕ್ಕಿದ ಮೇಲೆ ಮುಂಚಿತವಾಗಿ ಅನುಮತಿ ಪಡೆಯದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದಿಂದ ಹೊರಗಿದ್ದರೆ ಅದು ಕೈತಪ್ಪುವ ಭಯವಿದೆ. ಅಲ್ಲಿ ಕಾರ್ಡು, ಇಲ್ಲಿ ಕುಯ್ಲು ಎಂದು ಎರಡು ದೋಣಿಯಲ್ಲಿ ಕಾಲಿಡುವವರು ಇದನ್ನು ಮನಗಾಣಬೇಕು.

ನೆಲೆಸುವ ಹಟವಿಲ್ಲದೆ ಮಕ್ಕಳ ಜೊತೆ ಇದ್ದುಬರಲು ಬಯಸುವವರಿಗೆ ಕೆನಡಾದ ಸೂಪರ್ ವೀಸಾ ಅನುಕೂಲ. 2022ರ ಬದಲಾವಣೆಯಂತೆ ಒಮ್ಮೆ ಹೋದರೆ 5 ವರ್ಷದವರೆಗೆ ಇರಬಹುದು. ಆರೋಗ್ಯ ವಿಮೆ ಮತ್ತು ಮಕ್ಕಳ ವರಮಾನದ ದಾಖಲೆ ಬೇಕಾಗುತ್ತದೆ.

ತೋಟದ ಮೇಲಿನ ಹಕ್ಕು

ಬೆಳೆಗಾರರು ಬಹಳ ಮಂದಿ ತಿಳಿಯದೆ ಇರುವುದು ಇಲ್ಲಿಯೇ. ಕಾಯಂ ಆಗಿ ಹೊರದೇಶಕ್ಕೆ ಹೋಗಿ ಅನಿವಾಸಿಯಾದರೂ, ಇಲ್ಲಿದ್ದಾಗ ಸಂಪಾದಿಸಿದ ತೋಟ ಅಥವಾ ಹಿರಿಯರಿಂದ ಬಂದ ತೋಟವನ್ನು ಉಳಿಸಿಕೊಳ್ಳಲು ಫೆಮಾ ಕಾನೂನಿನಲ್ಲಿ ಅಡ್ಡಿಯಿಲ್ಲ. ಮಾರಬೇಕೆಂದರೆ ಭಾರತದಲ್ಲಿ ವಾಸವಾಗಿರುವ ಭಾರತದ ಪ್ರಜೆಗೇ ಮಾರಬೇಕು. ಮಾರಿದ ಹಣವನ್ನು ತೆರಿಗೆ ಕಟ್ಟಿ, ವರ್ಷಕ್ಕೆ 10 ಲಕ್ಷ ಡಾಲರ್ ಮಿತಿಯೊಳಗೆ ಹೊರಗೆ ಒಯ್ಯಬಹುದು.

ಆದರೆ ಅನಿವಾಸಿಯು ಕೃಷಿ ಭೂಮಿಯನ್ನಾಗಲಿ ಪ್ಲಾಂಟೇಶನ್ ಆಸ್ತಿಯನ್ನಾಗಲಿ ಹೊಸದಾಗಿ ಕೊಳ್ಳುವಂತಿಲ್ಲ. ಪೇಟೆಯಲ್ಲಿ ಮನೆ ಕೊಳ್ಳಬಹುದು, ಕಾಲೆಕರೆ ತೋಟ ಕೊಳ್ಳಲಾಗದು. ಭಾರತದ ಪ್ರಜೆಯಾಗಿಯೇ ಉಳಿದು, ಮರಳಿ ಬಂದು ಇಲ್ಲಿ ನೆಲೆಸಿದವನಿಗೆ ಕೊಳ್ಳುವ ಹಕ್ಕು ಮತ್ತೆ ಬರುತ್ತದೆ. ಹೊರದೇಶದ ಪೌರತ್ವ ಪಡೆದವನ ಸ್ಥಿತಿ ಬೇರೆ. ನಮ್ಮ ಕಾನೂನಿನಲ್ಲಿ ಎರಡು ಪೌರತ್ವಕ್ಕೆ ಎಡೆಯಿಲ್ಲ. ಆತನಿಗೆ 2005ರಲ್ಲಿ ಜಾರಿಗೆ ಬಂದ ಓಸಿಐ ಕಾರ್ಡ್ ಸಿಗಬಹುದು, ಬಂದು ಹೋಗಲು ತೊಡಕಿಲ್ಲ. ಆದರೆ ಕೃಷಿ ಭೂಮಿ ಕೊಳ್ಳುವ ಹಕ್ಕು ಆ ಕಾರ್ಡಿಗಿಲ್ಲ. ಇಂದು ಮಾರಿದ ತೋಟ ಆತನ ಪಾಲಿಗೆ ಎಂದೆಂದಿಗೂ ಹೋದಂತೆಯೇ.

ಹೊರದೇಶದಲ್ಲಿರುವ ಮಕ್ಕಳಿಗೂ ಇದೇ ಕಾನೂನು ಅನ್ವಯಿಸುತ್ತದೆ. ಅವರ ಹೆಸರಿಗೆ ತೋಟವನ್ನು ದಾನಪತ್ರ ಮಾಡಿಕೊಡುವಂತಿಲ್ಲ. ವಾರಸಾಗಿ ಅಥವಾ ಉಯಿಲಿನ ಮೂಲಕ ಬರುವುದಕ್ಕೆ ಅಡ್ಡಿಯಿಲ್ಲ.

ಒಡೆಯನಿಲ್ಲದ ತೋಟ

ಉಳಿಸಿಕೊಂಡ ತೋಟವನ್ನು ನೋಡಿಕೊಳ್ಳುವವರಾರು? “ಗೇಣಿಗೆ ಕೊಟ್ಟು ಹೋಗುತ್ತೇನೆ” ಎನ್ನುವವರಿದ್ದಾರೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯು ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟು ಉಳಿದವರು ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿತು. ವರ್ಷದ ಫಸಲನ್ನು ಚೇಣಿಗೆ ಕೊಡುವುದು ಬೇರೆ, ಭೂಮಿಯನ್ನು ಗೇಣಿಗೆ ಕೊಡುವುದು ಬೇರೆ. ಕಾಗದ ಬರೆಯುವ ಮುನ್ನ ವಕೀಲರಿಗೆ ತೋರಿಸುವುದು ಕ್ಷೇಮ.

ಚೇಣಿದಾರನ ಕಣ್ಣು ಈ ವರ್ಷದ ಗೊನೆಯ ಮೇಲೆ. ಮುಂದಿನ ವರ್ಷದ ಮರಗಸಿ, ಕಾಫಿಯ ಚಿಗುರು ತೆಗೆಯುವುದು, ಕಾಂಡಕೊರಕ ಹಿಡಿದ ಗಿಡವನ್ನು ಹುಡುಕಿ ಕಿತ್ತು ಸುಡುವುದು, ಮಳೆ ಹಿಡಿಯುವ ಮೊದಲೇ ಬೋರ್ಡೋ ಹೊಡೆಸುವುದು, ಇವೆಲ್ಲ ಒಡೆಯನ ಕಣ್ಣು ಬಯಸುವ ಕೆಲಸಗಳು. ಒಂದು ಸಿಂಪಡಣೆ ತಪ್ಪಿದರೆ ಆ ವರ್ಷದ ಫಸಲಿಗೇ ಪೆಟ್ಟು. ಕಾಂಡಕೊರಕವನ್ನು ಎರಡು ವರ್ಷ ಬಿಟ್ಟರೆ ಗಿಡವೇ ಇರುವುದಿಲ್ಲ.

ಸಂಘದ ಸಾಲವನ್ನೂ ಮರೆಯಬಾರದು. ನಮ್ಮ ಸಾಲಕ್ಕೆ ನೆರೆಯವರು ಜಾಮೀನು ನಿಂತಿರುತ್ತಾರೆ. ನಾವು ಕಡಲಾಚೆ ಇರುವಾಗ ಬಾಕಿಯ ನೋಟೀಸು ಹೋಗುವುದು ಅವರ ಮನೆಗೆ. ಆದುದರಿಂದ ಸಾಲ ತೀರಿಸುವುದು, ಜಾಮೀನು ಬಿಡಿಸುವುದು, ಪಹಣಿ ಸರಿಪಡಿಸುವುದು, ತಂದೆಯ ಹೆಸರಿನಲ್ಲೇ ಉಳಿದಿದ್ದರೆ ಪೌತಿ ಖಾತೆ ಮಾಡಿಸುವುದು, ನಂಬಿಕಸ್ಥರಿಗೆ ನೋಂದಾಯಿತ ಅಧಿಕಾರ ಪತ್ರ ಕೊಡುವುದು, ಇವು ಟಿಕೇಟು ತೆಗೆಸುವ ಮುನ್ನ ಆಗಬೇಕಾದ ಕೆಲಸಗಳು.

ಒಂದು ಮಳೆಗಾಲದ ಪರೀಕ್ಷೆ

ಇಷ್ಟು ಹೇಳಿದ್ದು ಹೋಗಬೇಡಿ ಎನ್ನುವುದಕ್ಕಲ್ಲ. ಮೊದಲು ಒಂದು ಮಳೆಗಾಲ ಹೋಗಿ ಬನ್ನಿ. ಜೂನ್‌ನಲ್ಲಿ ಹೊರಟು, ಕುಯ್ಲು ಶುರುವಾಗುವ ಮೊದಲು ಅಕ್ಟೋಬರಿನಲ್ಲಿ ಹಿಂದಿರುಗಿ. ಸಂದರ್ಶಕರ ವೀಸಾದಲ್ಲಿ ಇಷ್ಟು ದಿನ ಮಕ್ಕಳ ಮನೆಯಲ್ಲಿ ಇದ್ದು ಬಂದ ಮಾತ್ರಕ್ಕೆ ಯಾರೂ ಅನಿವಾಸಿಯಾಗುವುದಿಲ್ಲ. ಇಲ್ಲಿಯ ಹಕ್ಕಿಗೆ ಕುಂದಿಲ್ಲ.

ಆ ಐದು ತಿಂಗಳಲ್ಲಿ ಎರಡು ಸಂಗತಿ ತಿಳಿಯುತ್ತವೆ. ಕಾರು ಓಡಿಸಲು ಬಾರದೆ, ಮಾತಿಗೆ ಜನವಿಲ್ಲದೆ, ಮಕ್ಕಳು ಕೆಲಸಕ್ಕೆ ಹೋದ ಮೇಲೆ ಇಡೀ ದಿನ ಒಬ್ಬರೇ ಕಳೆಯುವುದು ನಮ್ಮಿಂದ ಆದೀತೇ ಎಂಬುದು ಒಂದು. ಕೊಳೆರೋಗದ ಕಾಲದಲ್ಲಿ ನಾವಿಲ್ಲದ ತೋಟ ಹೇಗಿರುತ್ತದೆ ಎಂಬುದು ಇನ್ನೊಂದು. ಮನೆಯಾಕೆಯ ಅಭಿಪ್ರಾಯವನ್ನೂ ಆಗ ಕೇಳಬೇಕು. ಹಂಬಲ ಒಬ್ಬರದು, ಹೊಸ ಊರಿನಲ್ಲಿ ಅಡಿಗೆಮನೆ ಕಟ್ಟುವ ಶ್ರಮ ಇನ್ನೊಬ್ಬರದು ಆಗಬಾರದು.

ಎರಡು ಮಳೆಗಾಲ ಹೀಗೆ ಕಳೆದ ಮೇಲೂ ಆಸೆ ಗಟ್ಟಿಯಾಗಿಯೇ ಇದ್ದರೆ ಧೈರ್ಯವಾಗಿ ಹೊರಡಬಹುದು. ತೋಟ ಮಾರುವ ಮಾತು ಮಾತ್ರ ಕೊನೆಯದಾಗಿರಲಿ. ವೀಸಾಕ್ಕೆ ಮತ್ತೊಮ್ಮೆ ಅರ್ಜಿ ಹಾಕಬಹುದು. ಕೈಬಿಟ್ಟ ತೋಟವನ್ನು ಅಲ್ಲಿಂದ ಕೊಂಡುಕೊಳ್ಳಲು ಕಾನೂನು ಬಿಡುವುದಿಲ್ಲ.