ಹಿತ್ತಲಿನ ಹಕ್ಕಿ ಲೆಕ್ಕ

ಕೊಡಗಿನಲ್ಲಿ ಹಕ್ಕಿ ನೋಡಬೇಕೆಂದರೆ ನಾಗರಹೊಳೆಗೋ ಪುಷ್ಪಗಿರಿಗೋ ಹೋಗಬೇಕೆಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಮಾದಾಪುರದಂಥ ಊರಲ್ಲಿ ಮನೆಯ ಹಿಂದಿನಿಂದಲೇ ಕಾಫಿ ತೋಟ ಶುರು. ಅಲ್ಲಿ ಅಂಗಳದಲ್ಲಿ ನಿಂತು ಪಿಕಳಾರ, ಮಡಿವಾಳ, ಕುಟ್ರು ಎಂದು ಬರೆದಿಡುವುದು ನಿವೃತ್ತರು ಹೊತ್ತು ಕಳೆಯುವ ಕೆಲಸವೆಂದು ಹಲವರ ಎಣಿಕೆ. ನನಗೆ ಹಾಗನ್ನಿಸುವುದಿಲ್ಲ. ಕಾಡು ಸುತ್ತಿ ಬಂದವರ ಪಟ್ಟಿ ಎಷ್ಟೇ ಉದ್ದವಿರಲಿ, ಅದು ಆ ದಿನದ್ದು. ಯಾವ ಹಕ್ಕಿ ಬರುವುದನ್ನು ಬಿಟ್ಟಿತು ಎಂದು ಹೇಳಬಲ್ಲದ್ದು ಒಂದೇ ಜಾಗದಲ್ಲಿ ವರ್ಷಗಟ್ಟಲೆ ಬರೆದ ಪಟ್ಟಿ ಮಾತ್ರ.

ತೋಟದವರು ಹಕ್ಕಿಗಳ ಬಗ್ಗೆ ಬರೆಯುವುದು ಇಲ್ಲಿ ಹೊಸತೇನಲ್ಲ. ಕೊಡಗಿನಲ್ಲಿ ಕಾಫಿ ಬೆಳೆಗಾರರಾಗಿದ್ದ ಎಫ್‌.ಎನ್‌. ಬೆಟ್ಸ್‌ ಈ ಜಿಲ್ಲೆಯ ಹಕ್ಕಿಗಳ ಕುರಿತು ಬರೆದ ದೀರ್ಘ ಲೇಖನ 1951ರಲ್ಲಿ ಬಾಂಬೆ ನ್ಯಾಚುರಲ್‌ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂದಿತ್ತು. ಕೊಡಗು, ಹಾಸನ, ಚಿಕ್ಕಮಗಳೂರಿನ 61 ಕಾಫಿ ತೋಟಗಳನ್ನು ನೋಡಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಾಡನ್ನೇ ನೆಚ್ಚಿದ 79 ಬಗೆಯ ಹಕ್ಕಿಗಳು ಈ ತೋಟಗಳಲ್ಲಿವೆ ಎಂದಿತು. ಕಾರಣ ಕಾಫಿ ಗಿಡವಲ್ಲ, ಅದರ ಮೇಲಿನ ನೆರಳು. ಎಲೆ ಉದುರಿಸಿದ ಹಾಲುವಾಣ ಕೆಂಪಗೆ ಹೂ ಬಿಟ್ಟಾಗ ಸೂರಕ್ಕಿ, ಕಾಜಾಣ, ಮೈನಾ ಎಲ್ಲವೂ ಒಂದೇ ಕೊಂಬೆಗೆ ಮುಗಿಬೀಳುತ್ತವೆ. ಅತ್ತಿಯೋ ಬಸರಿಯೋ ಹಣ್ಣಾದರೆ ಕುಟ್ರು, ಮಂಗಟ್ಟೆಗಳ ಸರದಿ. ಈಗ ಹಲವು ಕಡೆ ಆ ಜಾಗಕ್ಕೆ ಸಿಲ್ವರ್‌ ಓಕ್‌ ಬಂದಿದೆ. ಬೇಗ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿಗೆ ನೆಟ್ಟಗಿನ ಆಸರೆ, ಕಡಿದು ಮಾರಲು ರಗಳೆ ಕಡಿಮೆ, ಬೆಳೆಗಾರನನ್ನು ದೂರುವಂತಿಲ್ಲ. ಆದರೆ ಮಂಗಟ್ಟೆ ತಿನ್ನುವ ಹಣ್ಣು ಅದರಲ್ಲಿಲ್ಲ. ಹಾಗಾಗಿ ಹಕ್ಕಿಯ ಹೆಸರಿನ ಪಕ್ಕದಲ್ಲಿ ಅದು ಕೂತ ಮರದ ಹೆಸರನ್ನೂ, ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡಿಸಿದ ತಾರೀಖನ್ನೂ ಬರೆದರೆ ಹಿತ್ತಲಿನ ಪಟ್ಟಿಯ ಬೆಲೆ ಎಷ್ಟೋ ಹೆಚ್ಚುತ್ತದೆ.

ಸಾಮಾನ್ಯರು ಗುರುತಿಸುವುದರಲ್ಲಿ ತಪ್ಪಿರುತ್ತದೆ ಎನ್ನುವವರಿದ್ದಾರೆ. ಇರುತ್ತದೆ, ನಿಜ. ಚಳಿಗಾಲಕ್ಕೆ ಬರುವ ಎಲೆ ಬಣ್ಣದ ಪುಟ್ಟ ಉಲಿಯಕ್ಕಿಗಳು ಪಳಗಿದವರನ್ನೂ ಗೊಂದಲಕ್ಕೆ ಕೆಡವುತ್ತವೆ. ಆದರೆ ದಿನವೂ ಅದೇ ಹಕ್ಕಿಗಳನ್ನು ನೋಡುವವರ ಕಣ್ಣು ಬೇಗ ಪಳಗುತ್ತದೆ. ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎಂದೇ ಬರೆದರಾಯಿತು. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ಒಂದು ಹಿತ್ತಲಿನಲ್ಲಿ ಹಕ್ಕಿ ಕಡಿಮೆಯಾದರೆ ಅದರಿಂದ ಏನು ಸಾಬೀತಾಯಿತು? ಒಂದರಿಂದ ಏನೂ ಇಲ್ಲ. ಆದರೆ 2002ರಲ್ಲಿ ಶುರುವಾದ ಇ-ಬರ್ಡ್‌ ಜಾಲತಾಣ ಇಂಥ ಪಟ್ಟಿಗಳನ್ನೇ ಒಟ್ಟುಗೂಡಿಸುತ್ತದೆ. ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಎಂದು ಅದು ಪ್ರತಿ ಸಲವೂ ಕೇಳುತ್ತದೆ. ಹೌದೆಂದರೆ ಮಾತ್ರ ಪಟ್ಟಿಯಲ್ಲಿ ಇಲ್ಲದ ಹಕ್ಕಿಯೂ ಲೆಕ್ಕಕ್ಕೆ ಸಿಗುತ್ತದೆ. ಕಾಗೆಯನ್ನು ಬಿಟ್ಟು ಅಪರೂಪದ್ದನ್ನಷ್ಟೇ ಬರೆಯುವವರು ಕೆಡಿಸುವುದು ಇಲ್ಲೇ. ದೇಶದ ಹಕ್ಕಿಗಳ ಸ್ಥಿತಿಗತಿಯ 2023ರ ವರದಿ ನಿಂತಿರುವುದು ಸುಮಾರು 30,000 ಹಕ್ಕಿ ವೀಕ್ಷಕರು ಹೀಗೆ ದಾಖಲಿಸಿದ ಸುಮಾರು 3 ಕೋಟಿ ನಮೂದುಗಳ ಮೇಲೆ.

2018ರ ಆಗಸ್ಟ್‌ನಲ್ಲಿ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಸುತ್ತಿನ ಗುಡ್ಡಗಳು ಜರಿದು ಎಷ್ಟೋ ತೋಟ ನೆರಳು ಮರಗಳ ಸಮೇತ ಕೊಚ್ಚಿಹೋಯಿತು. ಹೋದ ಮನೆ, ಹೋದ ಕಾಫಿ ಗಿಡಗಳನ್ನು ಎಣಿಸಬಹುದು. ಅಲ್ಲಿದ್ದ ಹಕ್ಕಿಗಳ ಲೆಕ್ಕ ಸಿಗಬೇಕಾದರೆ ಯಾರಾದರೂ ಮೊದಲೇ ಬರೆದಿಟ್ಟಿರಬೇಕು. ಆ ಇಳಿಜಾರುಗಳಲ್ಲಿ ಮತ್ತೆ ಗಿಡ ನೆಟ್ಟವರು ಈಗಿನಿಂದಲಾದರೂ ಬರೆಯತೊಡಗಿದರೆ, ಸಿಲ್ವರ್‌ ಓಕ್‌ ನೆಟ್ಟ ಕಡೆಗೂ ಅತ್ತಿ, ಹಾಲುವಾಣ ನೆಟ್ಟ ಕಡೆಗೂ ಯಾವ ಹಕ್ಕಿ ಯಾವ ವರ್ಷ ಮರಳಿತು ಎಂಬುದು ಹೋಲಿಸಿ ನೋಡಲು ಸಿಗುತ್ತದೆ.