ಮರಣಶಾಸನಗಳಿಂದ ವಂಶಾವಳಿಯ ಶೋಧನೆ: ಮಧ್ಯಯುಗದ ಇಂಗ್ಲೆಂಡಿನ ಒಂದು ನಿದರ್ಶನ

ಇಂಗ್ಲೆಂಡಿನಲ್ಲಿ ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಆಯಾ ಚರ್ಚಿನ ಪುಸ್ತಕದಲ್ಲಿ ದಾಖಲಿಸಬೇಕೆಂಬ ಆಜ್ಞೆ ಹೊರಟುದು 1538ರಲ್ಲಿ. ಅದಕ್ಕೂ ಹಿಂದಿನ ಕುಟುಂಬಗಳ ವಂಶಾವಳಿಯನ್ನು ನಿರ್ಣಯಿಸಲು ಉಳಿದಿರುವ ಆಧಾರಗಳಲ್ಲಿ ಮರಣಶಾಸನಗಳು, ಎಂದರೆ ಉಯಿಲುಗಳು, ಮುಖ್ಯವಾದವು. ಅವುಗಳನ್ನು ಊರ್ಜಿತಗೊಳಿಸುವ ಅಧಿಕಾರವು 1858ರವರೆಗೆ ಬಹುಮಟ್ಟಿಗೆ ಚರ್ಚಿನ ನ್ಯಾಯಾಲಯಗಳಿಗೆ ಸೇರಿದ್ದಿತು. ಕ್ಯಾಂಟರ್‌ಬರಿಯ ಪ್ರಧಾನ ನ್ಯಾಯಾಲಯದ ದಫ್ತರುಗಳು 14ನೆಯ ಶತಮಾನದ ಕೊನೆಯಿಂದ ಮೊದಲಾಗುತ್ತವೆ. ಅವು ಈಗ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಅವು ಲಿಪಿಕಾರರು ಮಾಡಿಕೊಂಡ ಪ್ರತಿಗಳೇ ಹೊರತು ಮೂಲಪತ್ರಗಳಲ್ಲ. ಆದುದರಿಂದ ಹೆಸರುಗಳ ವಿಷಯದಲ್ಲಿ ಲಿಪಿದೋಷವನ್ನು ಶಂಕಿಸಿಯೇ ಓದತಕ್ಕದ್ದು.

ಇಂತಹ ಪತ್ರಗಳನ್ನು ಓದುವಾಗ ಮೂರು ವಿಷಯಗಳಲ್ಲಿ ಎಚ್ಚರ ಅವಶ್ಯ. ಅವನ್ನು ನಾರ್‌ಫೋಕ್ ಪ್ರಾಂತದ ಪ್ಯಾಸ್ಟನ್ ಮನೆತನದ ಮಾರ್ಗರೆಟ್ ಎಂಬವಳ ಮರಣಶಾಸನದ ಮೂಲಕ ವಿಶದಪಡಿಸಬಹುದು.

ಮೊದಲನೆಯದು ಕಾಲ. ಮಾರ್ಗರೆಟಳ ಪತ್ರದಲ್ಲಿರುವ ತೇದಿ 1481ರ ಫೆಬ್ರವರಿ 4. ಆದರೆ ಅಂದಿನ ಇಂಗ್ಲೆಂಡಿನ ಗಣನೆಯಲ್ಲಿ ಹೊಸ ವರ್ಷವು ಮಾರ್ಚ್ 25ರಂದು ಆರಂಭವಾಗುತ್ತಿದ್ದುದರಿಂದ ಇಂದಿನ ಲೆಕ್ಕಕ್ಕೆ ಅದು 1482.

ಎರಡನೆಯದು ಬಂಧುವಾಚಕ ಪದಗಳ ಅರ್ಥ. ಲ್ಯಾಟಿನ್ನಿನ ‘ನೆಪೋಸ್’ ಎಂಬುದು ಮೊಮ್ಮಗನೂ ಆಗಬಹುದು, ಒಡಹುಟ್ಟಿದವರ ಮಗನೂ ಆಗಬಹುದು. ‘ಕಸಿನ್’ ಎಂಬುದು ದೂರದ ನಂಟನಿಗೂ ಸಲ್ಲುತ್ತಿದ್ದಿತು. ‘ಸನ್ ಇನ್ ಲಾ’ ಎಂದರೆ ಅಳಿಯನೇ ಅಲ್ಲದೆ ಮಲಮಗನೂ ಆಗಬಹುದು. ಇಂದಿನ ಅರ್ಥವನ್ನು ಆರೋಪಿಸಿದರೆ ಒಂದು ತಲೆಮಾರೇ ವ್ಯತ್ಯಾಸವಾದೀತು.

ಮೂರನೆಯದು ಪತ್ರದ ಮೌನ. 1540ರ ಶಾಸನಕ್ಕೆ ಮುಂಚೆ ಭೂಮಿಯನ್ನು ಮರಣಶಾಸನದಿಂದ ನೇರವಾಗಿ ಕೊಡುವುದು ಸಾಮಾನ್ಯವಾಗಿ ಸಾಧ್ಯವಿರಲಿಲ್ಲ. ಅದು ವಾಡಿಕೆಯಂತೆ ಹಿರಿಯ ಮಗನಿಗೆ ಹೋಗುತ್ತಿದ್ದಿತು. ಆದುದರಿಂದ ಪತ್ರದಲ್ಲಿ ಹಿರಿಯ ಮಗನ ಹೆಸರು ಕಾಣದಿದ್ದರೆ ಅವನು ಇರಲಿಲ್ಲವೆಂದು ತೀರ್ಮಾನಿಸಲಾಗದು.

ಆದರೆ ವಂಶವೃಕ್ಷವು ಬಿಟ್ಟವರನ್ನು ಮರಣಶಾಸನವು ಹೇಳುವುದೂ ಉಂಟು. ಮಾರ್ಗರೆಟಳ ಮಗಳು ಮಾರ್ಜರಿಯು ಮನೆತನದ ಜಮೀನುಗಳ ಮೇಲ್ವಿಚಾರಕನಾಗಿದ್ದ ರಿಚರ್ಡ್ ಕ್ಯಾಲ್ ಎಂಬವನನ್ನು ಹಿರಿಯರ ಇಚ್ಛೆಗೆ ವಿರುದ್ಧವಾಗಿ ವರಿಸಿದಳು. 1469ರಲ್ಲಿ ನಾರಿಚ್‌ನ ಬಿಷಪ್ಪನು ಇಬ್ಬರನ್ನೂ ವಿಚಾರಿಸಿದನು. ವಿವಾಹವು ಊರ್ಜಿತವಾಗಿ ನಿಂತಿತು. ತಾಯಿಯು ಮಗಳಿಗೆ ಮನೆಯ ಬಾಗಿಲು ಮುಚ್ಚಿದಳು. ಆ ಕೋಪದ ಪತ್ರಗಳನ್ನಷ್ಟೇ ಓದಿದವರು ಮಾರ್ಜರಿಯ ಸಂತತಿಯು ಕುಟುಂಬದಿಂದ ಹೊರಬಿದ್ದಿತೆಂದು ಭಾವಿಸುವುದು ಸಹಜ. ಮರಣಶಾಸನವಾದರೋ ಮಾರ್ಜರಿಯ ಮಗ ಜಾನ್ ಕ್ಯಾಲನಿಗೆ 20 ಪೌಂಡುಗಳನ್ನು ಕೊಡಿಸುತ್ತದೆ. ಅವನು ನಿಗದಿಯಾದ ವಯಸ್ಸಿಗೆ ಮೊದಲೇ ತೀರಿಕೊಂಡರೆ ಆ ಹಣವು ಅವನ ತಮ್ಮಂದಿರಾದ ವಿಲಿಯಂ ಮತ್ತು ರಿಚರ್ಡರಿಗೆ ಸಲ್ಲಬೇಕೆಂದು ವಿಧಿಸುತ್ತದೆ. 1479ರಲ್ಲಿ ತೀರಿಕೊಂಡಿದ್ದ ಹಿರಿಯ ಮಗ ಸರ್ ಜಾನನಿಗೆ ವಿವಾಹಬಾಹಿರವಾಗಿ ಜನಿಸಿದ ಕಾನ್‌ಸ್ಟನ್ಸ್ ಎಂಬ ಬಾಲೆಗೂ 10 ಮಾರ್ಕುಗಳು ಮೀಸಲಾಗಿವೆ.

ಮಾರ್ಜರಿಗೆಂದು ಪ್ರತ್ಯೇಕವಾದ ದಾನವಿಲ್ಲ. ಅವಳು ಆ ವೇಳೆಗೆ ಕಾಲವಾಗಿದ್ದಿರಬಹುದೆಂಬ ಊಹೆಗೆ ಇಲ್ಲಿ ಅವಕಾಶವಿದೆ. ಆದರೆ ಮೇಲೆ ಹೇಳಿದ ಮೌನದ ನಿಯಮವು ಇದಕ್ಕೂ ಅನ್ವಯಿಸುವುದರಿಂದ ಈ ಪತ್ರವೊಂದರಿಂದಲೇ ಅದನ್ನು ಸಿದ್ಧಾಂತವೆನ್ನಲಾಗದು. ಅವಳ ಮೂವರು ಗಂಡುಮಕ್ಕಳು ಮಾರ್ಗರೆಟಳ ಮೊಮ್ಮಕ್ಕಳೆಂಬುದು ಮಾತ್ರ ಅಜ್ಜಿಯ ಮಾತಿನಿಂದಲೇ ಸಿದ್ಧವಾಗಿದೆ.